ಸರ್ಕಾರಿ ಹಡಗಿನ ಸರಿಸಮಾನ

ಸುಮಾರಣ್ಣನ ಬೋಟು ಮುಳುಗಿರಲಿಲ್ಲ, ಬಂಡೆಗೆ ಬಡಿದಿರಲಿಲ್ಲ, ಅದಕ್ಕೆ ಬೆಂಕಿಯೂ ಬಿದ್ದಿರಲಿಲ್ಲ. ಆದರೂ ಇನ್ನು ಎರಡು ವಾರದಲ್ಲಿ ಅದು ಚಹಾದಂಗಡಿ ಆಗುವುದಿತ್ತು. ಹೆಂಡತಿಯ ಅಣ್ಣ, ಅಂದರೆ ಭಾವ, ಅದನ್ನು ತಾನೇ ತೆಗೆದುಕೊಂಡು ದಡಕ್ಕೆಳೆದು, ಒಳಗೆ ಬೆಂಚು ಹಾಕಿ, ಕ್ಯಾಬಿನ್ನಿನಲ್ಲಿ ಒಲೆ ಇಡುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿಯಾಗಿತ್ತು. ಒಲೆಯ ಮುಂದೆ ನಿಲ್ಲುವವನು ಸುಮಾರಣ್ಣ. ಇದಕ್ಕೆ ಅವನೂ ತಲೆಯಾಡಿಸಿದ್ದ. ತಲೆಯಾಡಿಸುವುದು ಅವನ ಹಳೆಯ ಅಭ್ಯಾಸ. ಎದುರಿಗಿದ್ದವರ ಮಾತು ಬೇಗ ಮುಗಿಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಆಡಿಸುತ್ತಿದ್ದ, ಆಮೇಲೆ ಮನೆಗೆ ಹೋಗಿ ತಾನು ಒಪ್ಪಿಕೊಂಡಿದ್ದು ಯಾವುದಕ್ಕೆ ಎಂದು ಹೆಂಡತಿಯನ್ನು ವಿಚಾರಿಸುತ್ತಿದ್ದ. ಈ ಸಲ ವಿಚಾರಿಸಿದ ಮೇಲೆ ಮೂರು ದಿನ ಅವನಿಗೆ ಊಟ ಸೇರಲಿಲ್ಲ.

ಸುಮಾರಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಬೋಟು ಬಿಡುತ್ತಿದ್ದ. ಸಂಜೆ ಬೋಟುಗಳು ನಿಲ್ಲುವ ಧಕ್ಕೆಗೆ ಬಂದು ಹಗ್ಗ ಕಟ್ಟುವಾಗ ಯಾರಾದರೂ ಮೀನು ಹೇಗೆ ಎಂದು ಕೇಳಿದರೆ, ‘ಸುಮಾರು’ ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಬರಿಗೈಯಲ್ಲಿ ಬಂದವನಲ್ಲ, ಬೋಟು ತುಂಬಿಸಿಕೊಂಡು ಬಂದವನೂ ಅಲ್ಲ. ಭಾವನದು ಇದಕ್ಕೆ ಪೂರ್ತಿ ತದ್ವಿರುದ್ಧ. ಅವನಿಗೆ ಮೂರು ಬೋಟು, ಮೂರಕ್ಕೂ ಬಣ್ಣ ಹೊಸದು, ಮೂರೂ ವಾಲಿಕೊಂಡು ಬರುವಷ್ಟು ಮೀನು. ಮನೆಗೆ ಬಂದಾಗಲೆಲ್ಲ ಅವನು ಸುಮಾರಣ್ಣನ ಭುಜ ತಟ್ಟಿ, ಎಲ್ಲರಿಗೂ ಎಲ್ಲ ಆಗಬೇಕೆಂದಿಲ್ಲ ಬಿಡಿ ಎಂದು ಸಮಾಧಾನ ಹೇಳುತ್ತಿದ್ದ. ಹೊಡೆದರಾದರೂ ಸಹಿಸಿಕೊಳ್ಳಬಹುದು, ಈ ಸಮಾಧಾನ ಸಹಿಸುವುದು ಕಷ್ಟ.

ಹೀಗಿರುವಾಗ ಮೀನು ಇಲಾಖೆಯಿಂದ ಕಾಗದ ಬಂತು.

ಕಡಲಲ್ಲಿ ಎಷ್ಟು ಮೀನಿದೆ ಎಂದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡುವ ಆ ಇಲಾಖೆಗೆ ಸ್ವಂತದ್ದೊಂದು ಹಡಗಿತ್ತು. ಮೂವತ್ತು ವರ್ಷ ದುಡಿದು ಅದಕ್ಕೆ ಸಾಕಾಗಿಹೋಗಿತ್ತು. ಅದರ ಬಣ್ಣ ಯಾವುದೆಂದು ತುಕ್ಕಿನ ಮಧ್ಯೆ ಹುಡುಕಬೇಕಿತ್ತು, ಸೀಟಿ ಹೊಡೆದರೆ ಯಾರೋ ಕೆಮ್ಮಿದಂತೆ ಕೇಳುತ್ತಿತ್ತು. ಅದನ್ನು ನಿವೃತ್ತಿಗೊಳಿಸಿ, ಮುಂದಿನ ಮೂರು ವರ್ಷ ಮೀನುಗಾರರ ಬೋಟೊಂದನ್ನೇ ಬಾಡಿಗೆಗೆ ಹಿಡಿಯುವುದೆಂದು ಇಲಾಖೆ ಅರ್ಜಿ ಕರೆದಿತ್ತು. ಹನ್ನೊಂದು ಜನ ಹಾಕಿದ್ದರು. ಭಾವ ತನ್ನ ಮೂರು ಬೋಟಿನ ಫೋಟೊವನ್ನೂ ಲಗತ್ತಿಸಿ, ಪಕ್ಕದಲ್ಲಿ ತಾನೂ ನಿಂತಿದ್ದ. ಸುಮಾರಣ್ಣ ಯಾರಿಗೂ ಹೇಳದೆ ಸುಮ್ಮನೆ ಒಂದು ಹಾಕಿದ್ದ. ಆಯ್ಕೆಯಾಗಿದ್ದು ಸುಮಾರಣ್ಣನ ಬೋಟು.

ಅವನು ಕಾಗದವನ್ನು ಎರಡು ಸಲ ಓದಿದ. ನಾಲ್ಕು ದಿನ ನಿಮ್ಮ ಬೋಟು ಇಲಾಖೆಯ ಹಡಗಿನ ಪಕ್ಕದಲ್ಲೇ ಸಾಗತಕ್ಕದ್ದು. ಎರಡಕ್ಕೂ ಒಂದೇ ನಮೂನೆಯ ಬಲೆ, ಒಂದೇ ವೇಗ, ಪ್ರತಿ ಸಲವೂ ಅರ್ಧ ಗಂಟೆ. ಮೊದಲ ಮೂರು ದಿನ ದಿನಕ್ಕೊಂದು ಸಲ, ಕೊನೆಯ ದಿನ ಆರು ಸಲ ಬಲೆ ಎಳೆಯತಕ್ಕದ್ದು. ಬಳಿಕ ಎರಡರ ಮೀನನ್ನೂ ತೂಗಿ ಹೋಲಿಸಿ, ಫಲಿತಾಂಶ ತೃಪ್ತಿಕರವಾಗಿದ್ದಲ್ಲಿ ಬಾಡಿಗೆ ಕರಾರು ಮಾಡಿಕೊಳ್ಳಲಾಗುವುದು. ಕರಾರಾದರೆ ಬೋಟು ಚಹಾದಂಗಡಿಯಾಗುವುದು ತಪ್ಪಿತು ಎಂದುಕೊಂಡು ಸುಮಾರಣ್ಣ ಕಾಗದ ಮಡಚಿ ಜೇಬಿಗಿಟ್ಟ. ಎರಡು ಬೋಟು, ಅಕ್ಕಪಕ್ಕ, ಒಟ್ಟಿಗೆ ಹೊರಟು ಕೊನೆಗೆ ತೂಕ. ಇದನ್ನು ಜಗತ್ತಿನಲ್ಲಿ ಏನೆನ್ನುತ್ತಾರೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಂದ್ಯ.

ಅರ್ಧ ಗಂಟೆಯಲ್ಲಿ ಧಕ್ಕೆಗೆಲ್ಲ ಸುದ್ದಿ ಹಬ್ಬಿತು. ಸರ್ಕಾರಕ್ಕೂ ಸುಮಾರಣ್ಣನಿಗೂ ಪಂದ್ಯವಂತೆ. ಐಸ್ ಫ್ಯಾಕ್ಟರಿಯ ಗುಮಾಸ್ತ ತನ್ನ ಕಚೇರಿಯ ಕರಿಹಲಗೆಯನ್ನು ಹೊರಗೆ ತಂದು ನಿಲ್ಲಿಸಿ, ನಡುವೆ ಒಂದು ಗೆರೆ ಎಳೆದು, ಒಂದು ಕಡೆ ‘ಸರ್ಕಾರ’, ಇನ್ನೊಂದು ಕಡೆ ‘ನಾವು’ ಎಂದು ಬರೆದ. ನಿನ್ನೆಯವರೆಗೆ ಸುಮಾರಣ್ಣನನ್ನು ಕಂಡರೆ ಆಕಳಿಸುತ್ತಿದ್ದವರೆಲ್ಲ ಬಂದು ಬೆನ್ನು ತಟ್ಟಿದರು.

ಭಾವನಿಗೆ ಸುದ್ದಿ ಕೇಳಿದ ದಿನ ಹೊಟ್ಟೆ ಉರಿಯಿತು, ಮರುದಿನ ಮನೆತನದ ಮಾನ ನೆನಪಾಯಿತು. ಬೆಳಿಗ್ಗೆಯೇ ಬಂದು, ತನ್ನ ಮೀನು ಬೇಟೆಯ ಗುಟ್ಟನ್ನು ಬಾಗಿಲು ಹಾಕಿಸಿ ಹೇಳಿಕೊಟ್ಟ. ಬಲೆಯ ಬಾಯಿಯ ಕೆಳಗಂಚಿಗೆ ಒಂದು ಭಾರದ ಸರಪಳಿ ಕಟ್ಟಿದರೆ ಅದು ಕಡಲತಳವನ್ನು ಕೆರೆದುಕೊಂಡು ಹೋಗುತ್ತದೆ, ಅಡಿಯಲ್ಲಿ ಅಡಗಿ ಕೂತ ಮೀನೂ ಎದ್ದು ಒಳಗೆ ಬರುತ್ತದೆ. ಸರಪಳಿಯನ್ನು ತನ್ನ ಬೋಟಿನಿಂದಲೇ ಬಿಚ್ಚಿ ತಂದಿದ್ದ. ಸುಮಾರಣ್ಣ ತಲೆಯಾಡಿಸಿದ.

ಮೊದಲ ದಿನ ಇಲಾಖೆಯ ವಿಜ್ಞಾನಿ ಮೇಡಂ ಒಂದು ತಕ್ಕಡಿ, ಒಂದು ಅಳತೆ ಹಲಗೆ, ದಪ್ಪ ಪುಸ್ತಕ ಹಿಡಿದುಕೊಂಡು ಬೋಟು ಹತ್ತಿದರು. ಕನ್ನಡಕ ಹಾಕಿದ, ಮೆಲ್ಲಗೆ ಮಾತಾಡುವ ಹೆಂಗಸು. ಬೋಟಿನಲ್ಲಿ ಸುಮಾರಣ್ಣನ ಜೊತೆ ಇಬ್ಬರು ಕೆಲಸದವರಿದ್ದರು, ಇಂಜಿನ್ ನೋಡಿಕೊಳ್ಳುವ ಮುದುಕ ಇಂಜಿನ್ ಮಾಮ, ಮತ್ತೆ ಬಲೆ ಬಿಟ್ಟು ಎಳೆಯುವ ಹಗ್ಗದವನು. ಪಕ್ಕದಲ್ಲಿ ಸರ್ಕಾರಿ ಹಡಗು ಕೆಮ್ಮುತ್ತಾ ಬಂತು. ಅದರ ಕ್ಯಾಪ್ಟನ್ ಚಪ್ಪಲಿ ಹಾಕಿಕೊಂಡು ಕುರ್ಚಿಯಲ್ಲಿ ಕೂತವನು ಇವರಿಗೆ ಕೈ ಬೀಸಿದ. ಎದುರಾಳಿಯ ಈ ಉದಾಸೀನ ಕಂಡು ಸುಮಾರಣ್ಣನಿಗೆ ಸ್ವಲ್ಪ ಪಾಪ ಅನ್ನಿಸಿತು.

ಆ ದಿನ ಹಡಗಿಗೆ ಸಿಕ್ಕಿದ್ದು ತೊಂಬತ್ತು ಕಿಲೊ. ಸುಮಾರಣ್ಣನ ಬಲೆ ಮುನ್ನೂರ ಹತ್ತು ಕಿಲೊ ಎತ್ತಿಕೊಂಡು ಬಂತು. ಇಂಜಿನ್ ಮಾಮ ಇಂಜಿನ್ ಬಿಟ್ಟು ಮೇಲೆ ಬಂದು ಕುಣಿದ. ಹಗ್ಗದವನು ಮೀನಿನ ರಾಶಿಯ ಮೇಲೆ ಕೂತೇಬಿಟ್ಟ. ಮೇಡಂ ಮಾತ್ರ ತೂಕ ಬರೆದುಕೊಂಡು, ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತು, ಹಣೆ ಒತ್ತಿಕೊಂಡರು. ಸುಮಾರಣ್ಣ ಅವರ ಹತ್ತಿರ ಹೋಗಿ ನಿಂತ. ಎಷ್ಟಾದರೂ ಸರ್ಕಾರಿ ನೌಕರಿಯವರು, ಅವರ ಹಡಗೇ ಸೋತಿದೆ.

“ಬೇಜಾರು ಮಾಡ್ಕೋಬೇಡಿ ಮೇಡಂ. ಅದಕ್ಕೂ ವಯಸ್ಸಾಯ್ತಲ್ಲ” ಎಂದ.

ಮೇಡಂ ಪುಸ್ತಕ ಮುಚ್ಚಿದರು. ಬಲೆಗೆ ಏನಾದರೂ ಮಾಡಿದ್ದೀರಾ ಎಂದು ಕೇಳಿದರು. ಏನಿಲ್ಲ, ನನ್ನ ಕೈಗುಣ ಎಂದು ಸುಮಾರಣ್ಣ ನಾಚಿಕೊಂಡ.

ಧಕ್ಕೆಯಲ್ಲಿ ಅವನನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತರು. ಐಸ್ ಫ್ಯಾಕ್ಟರಿಯ ಬಾಗಿಲ ತನಕ ಹೊತ್ತುಕೊಂಡು ಹೋಗಿ, ಅಲ್ಲಿ ಹಲಗೆ ನೋಡುವ ಆತುರದಲ್ಲಿ ಕೈಬಿಟ್ಟರು. ಸುಮಾರಣ್ಣ ಸೊಂಟ ಹಿಡಿದುಕೊಂಡು, ನಗುತ್ತಾ ಮನೆಗೆ ಬಂದ.

ಹೆಂಡತಿ ಜಗಲಿಯಲ್ಲಿ ಕೂತು ಯಾರದೋ ಬಲೆಗೆ ತೇಪೆ ಹಾಕುತ್ತಿದ್ದಳು. ಊರಿನ ಅರ್ಧದಷ್ಟು ಬಲೆಗಳು ಅವಳ ಕೈಯಲ್ಲೇ ರಿಪೇರಿಯಾಗುತ್ತಿದ್ದವು, ಮಾತಾಡುವಾಗಲೂ ಅವಳ ಕಣ್ಣು ತೂತು ಹುಡುಕುತ್ತಿತ್ತು. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಕೇಳಿದಳು.

“ಕರಾರಿಗೆ ರುಜು ಹಾಕೋರು ಯಾರು?”

“ಮೇಡಂ.”

“ಅಂದ್ರೆ ಸೋತೋರೇ ರುಜು ಹಾಕ್ಬೇಕು.”

ಸುಮಾರಣ್ಣನ ನಗು ಅಲ್ಲಿಗೇ ನಿಂತಿತು. ಇದು ಅವನಿಗೆ ಹೊಳೆದೇ ಇರಲಿಲ್ಲ. ಮೂವತ್ತು ವರ್ಷದ ಹಡಗನ್ನು ಎಲ್ಲರೆದುರು ಮಣ್ಣು ಮುಕ್ಕಿಸಿ, ಅದೇ ಇಲಾಖೆಯ ಮುಂದೆ ಪೆನ್ನು ಹಿಡಿದು ನಿಂತರೆ ಯಾರು ರುಜು ಹಾಕುತ್ತಾರೆ? ಸರ್ಕಾರದ ಮರ್ಯಾದೆ ಉಳಿಸುವ ಜವಾಬ್ದಾರಿ ಈಗ ಅವನ ಹೆಗಲ ಮೇಲೆ ಬಂತು.

ಎರಡನೆಯ ದಿನ ಅವನು ಭಾವನ ಸರಪಳಿ ಬಿಚ್ಚಿಸಿದ. ಅಷ್ಟಕ್ಕೇ ನಿಲ್ಲದೆ, ಬಲೆಯ ಬುಡದಲ್ಲಿ ಮೀನು ಸೇರುವ ಚೀಲದ ಗಂಟನ್ನೂ ಸ್ವಲ್ಪ ಸಡಿಲ ಮಾಡಿಸಿದ. ಆ ದಿನ ಹಡಗಿಗೆ ನೂರಾನಾಲ್ಕು ಕಿಲೊ. ಇವರಿಗೆ ಹನ್ನೊಂದು ಕಿಲೊ, ಜೊತೆಗೆ ಎಡಗಾಲಿನ ಒಂದು ಚಪ್ಪಲಿ. ಬಲೆಗೆ ಬಂದದ್ದನ್ನೆಲ್ಲ ಬರೆಯುವುದು ಸಮೀಕ್ಷೆಯ ನಿಯಮವಾದ್ದರಿಂದ ಮೇಡಂ ಚಪ್ಪಲಿಯನ್ನೂ ಅಳತೆ ಹಲಗೆಯ ಮೇಲಿಟ್ಟು ಉದ್ದ ಬರೆದುಕೊಂಡರು. ಸೋತು ಕೊಟ್ಟರೂ ಅವರ ಮುಖ ಅರಳಲಿಲ್ಲ, ನಿನ್ನೆಗಿಂತ ಕೆಟ್ಟದಾಗಿ ಬಾಡಿತು. ದೊಡ್ಡವರ ಮನಸ್ಸು ತಿಳಿಯುವುದು ಕಷ್ಟ ಎಂದುಕೊಂಡ ಸುಮಾರಣ್ಣ.

ಧಕ್ಕೆಯಲ್ಲಿ ಯಾರೂ ಅವನ ಹಗ್ಗ ಹಿಡಿಯಲಿಲ್ಲ. ಸರ್ಕಾರದ ಕಡೆಯಿಂದ ಏನೋ ತಿಂದಿದ್ದಾನೆ ಎಂದು ಗುಮಾಸ್ತ ಹಲಗೆಯ ಮೇಲೆಯೇ ಬರೆದುಬಿಟ್ಟಿದ್ದ. ಭಾವ ಮನೆಯ ಬಾಗಿಲಲ್ಲಿ ನಿಂತು, ನನ್ನ ಸರಪಳಿಗೆ ಅವಮಾನವಾಯಿತು ಎಂದು ಅಕ್ಕಪಕ್ಕದವರೆಲ್ಲ ಹೊರಗೆ ಬರುವಷ್ಟು ಜೋರಾಗಿ ಹೇಳಿದ. ಒಳಗಿನಿಂದ ತಂಗಿ, ರುಜು ಹಾಕೋದು ನಿನ್ನ ಸರಪಳಿಯಲ್ಲ ಎಂದು ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಅಣ್ಣ ತಂಗಿಯ ನಡುವೆ ಹೊಸ್ತಿಲ ಮೇಲೆ ನಿಂತಿದ್ದ ಸುಮಾರಣ್ಣ ಇಬ್ಬರ ಕಡೆಗೂ ತಿರುಗಿ ತಿರುಗಿ ತಲೆಯಾಡಿಸಿದ.

ಅದರ ಫಲ ಮೂರನೆಯ ದಿನ ಸಿಕ್ಕಿತು. ಬೋಟಿನಲ್ಲೂ ಎರಡು ಪಕ್ಷವಾಗಿತ್ತು. ಇಂಜಿನ್ ಮಾಮ ಭಾವನ ಕಡೆ, ಹಗ್ಗದವನು ಸುಮಾರಣ್ಣನ ಹೆಂಡತಿಯ ಕಡೆ. ಮಾಮ ಯಾರಿಗೂ ಕಾಣದಂತೆ ಸರಪಳಿಯನ್ನು ಮತ್ತೆ ಕಟ್ಟಿದ, ಒಂದಲ್ಲ, ಎರಡು. ಹಗ್ಗದವನು ಯಾರಿಗೂ ಕಾಣದಂತೆ ಚೀಲದ ಗಂಟನ್ನು ಇನ್ನಷ್ಟು ಸಡಿಲ ಮಾಡಿದ. ಬಲೆ ಕಡಲತಳವನ್ನೆಲ್ಲ ಗುಡಿಸಿಕೊಂಡು, ಉಬ್ಬಿ, ಮೇಲೆ ಬಂತು. ಬಲೆ ಎತ್ತುವ ವಿಂಚು ಯಂತ್ರ ನರಳುತ್ತಾ ಅದನ್ನು ಎತ್ತಿ, ಸರಿಯಾಗಿ ಮೇಡಂ ತಲೆಯ ಮೇಲೆ ತಂದು ನಿಲ್ಲಿಸಿದಾಗ ಗಂಟು ಬಿಚ್ಚಿತು, ಬಲೆ ಉದ್ದಕ್ಕೂ ಹರಿಯಿತು. ಅರ್ಧ ಮೀನು ಕಡಲಿಗೆ ಮರಳಿತು, ಉಳಿದರ್ಧದ ನಡುವಿನಿಂದ ಮೇಡಂ ಅವರ ಕೈಯೊಂದು ದಪ್ಪ ಪುಸ್ತಕವನ್ನು ಎತ್ತಿ ಹಿಡಿದದ್ದು ಕಾಣಿಸಿತು. ಪುಸ್ತಕ ಒಂದು ಚೂರೂ ಒದ್ದೆಯಾಗಿರಲಿಲ್ಲ. ಪಕ್ಕದ ಹಡಗಿನ ಕ್ಯಾಪ್ಟನ್ ಮೊದಲ ಬಾರಿಗೆ ಕುರ್ಚಿಯಿಂದ ಎದ್ದು ನಿಂತ.

ಮೇಡಂ ಹೊರಗೆ ಬಂದು, ಕನ್ನಡಕದಿಂದ ಮೀನಿನ ಪೊರೆ ಒರೆಸಿಕೊಂಡು, ಸುಮಾರಣ್ಣನನ್ನು ಕ್ಯಾಬಿನ್ನಿಗೆ ಕರೆದರು. ಎರಡು ಸರಪಳಿಯನ್ನು ಅವನ ಮುಂದೆ ಇಟ್ಟರು. ಅವನು ಪಂದ್ಯದ ವಿಷಯ, ರುಜುವಿನ ವಿಷಯ, ಭಾವನ ವಿಷಯ ಎಲ್ಲ ಒಪ್ಪಿಸಿದ. ಕೇಳುತ್ತಾ ಕೇಳುತ್ತಾ ಅವರ ಬಾಯಿ ತೆರೆದುಕೊಂಡಿತು.

“ಯಾರು ಹೇಳಿದ್ರು ನಿಮಗೆ ಇದು ಪಂದ್ಯ ಅಂತ?” ಎಂದರು. “ಮೂವತ್ತು ವರ್ಷದಿಂದ ಆ ಹಡಗು ಒಂದೇ ಜಾಗದಲ್ಲಿ, ಒಂದೇ ಥರ ಬಲೆ ಎಳೀತಾ ಇದೆ. ಅದಕ್ಕೆ ಸಿಕ್ಕಿದ್ದು ನೋಡಿಯೇ ನಾವು ಈ ವರ್ಷ ಕಡಲಲ್ಲಿ ಮೀನು ಹೆಚ್ಚಿದೆಯೋ ಕಮ್ಮಿಯೋ ಅಂತ ಹೇಳೋದು. ಅದರ ಜಾಗದಲ್ಲಿ ಮೂರು ಪಟ್ಟು ಹಿಡಿಯೋ ಬೋಟು ತಂದ್ರೆ, ಮೀನೇ ಮೂರು ಪಟ್ಟಾಗಿದೆ ಅಂತ ಪುಸ್ತಕದಲ್ಲಿ ಬರುತ್ತೆ. ಎಲ್ರೂ ಮೂರು ಪಟ್ಟು ಹಿಡೀರಿ ಅಂತ ಅಪ್ಪಣೆಯಾಗುತ್ತೆ. ಆಮೇಲೆ ನಿಮಗೆಲ್ಲ ಬರೀ ಚಪ್ಪಲಿ ಸಿಗುತ್ತೆ. ನನಗೆ ಆ ಹಡಗಿನ ಹಾಗೇ ಹಿಡಿಯೋ ಬೋಟು ಬೇಕು. ಜಾಸ್ತಿ ಬೇಡ, ಕಮ್ಮಿ ಬೇಡ.”

ಸುಮಾರಣ್ಣ, ಹಾಗಾದರೆ ತನ್ನ ಬೋಟನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದ. ಮೇಡಂ ತುಸು ಸಂಕೋಚದಿಂದ ಹೇಳಿದರು. ಹತ್ತು ವರ್ಷದಿಂದ ಧಕ್ಕೆಯಲ್ಲಿ ಇಳಿದ ಮೀನಿನ ದಾಖಲೆ ತೆಗೆದು ನೋಡಿದಾಗ ಹಡಗಿನ ಏರಿಳಿತಕ್ಕೆ ಹೆಚ್ಚುಕಮ್ಮಿ ಹೊಂದಿದ್ದು ಇವನದೊಂದೇ ಅಂತೆ. ಭಾವನ ಅರ್ಜಿಯನ್ನು ಮೊದಲ ದಿನವೇ ಬದಿಗಿಟ್ಟಿದ್ದರಂತೆ.

“ಅವರದ್ದು ಏನು ತಪ್ಪಾಯ್ತು?”

“ಅವರು ಮೀನು ಹಿಡೀತಾರೆ” ಎಂದರು ಮೇಡಂ.

ನಾಳೆ ಕೊನೆಯ ದಿನ. ಆರು ಸಲ ಬಲೆ ಎಳೆಯುವುದಿದೆ. ಒಂದು ತಪ್ಪಿದರೆ ಕ್ಷಮಿಸಬಹುದು, ಉಳಿದ ಐದೂ ಹಡಗಿಗೆ ಸರಿಹೊಂದಬೇಕು. ಇಲ್ಲದಿದ್ದರೆ ಬೇರೆ ಊರಿನ ಬೋಟು. ಇದನ್ನು ಹೇಳಿ ಮೇಡಂ ಕೂದಲಿನಿಂದ ಒಂದು ಸಣ್ಣ ಮೀನು ತೆಗೆದು ಕಡಲಿಗೆ ಹಾಕಿದರು.

ಹೀಗೆ ಸುಮಾರಣ್ಣನ ಮುಂದೆ ಜೀವಮಾನದ ಅತ್ಯಂತ ಕಷ್ಟದ ಕೆಲಸ ಬಂದು ನಿಂತಿತು. ಅವನು ತನ್ನ ಹಾಗೆಯೇ ಇರಬೇಕಾಗಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ತಾನು ಹೇಗಿರುತ್ತೇನೆಂದು ನೆನಪು ಮಾಡಿಕೊಳ್ಳಲು ನೋಡಿದ. ಸ್ಟೇರಿಂಗನ್ನು ಯಾವ ಕೈಯಲ್ಲಿ ಹಿಡಿಯುತ್ತಿದ್ದೆ? ನಿಲ್ಲುತ್ತಿದ್ದೆನೋ ಕೂರುತ್ತಿದ್ದೆನೋ? ಇಂಜಿನ್ ಮಾಮನನ್ನು ಕೇಳಿದರೆ ಅವನು, ನಿಮ್ಮನ್ನು ಯಾರು ನೋಡ್ತಿದ್ರು ಎಂದ. ಅತ್ತ ಧಕ್ಕೆಯವರಿಗೆ ಸಮ ಬಂದರೆ ಗೆಲುವು ಎಂದು ತಿಳಿದ ಮೇಲೆ ಹುಮ್ಮಸ್ಸು ಇಮ್ಮಡಿಯಾಯಿತು. ಭಾವ ಮಾತ್ರ ತನ್ನ ಅರ್ಜಿ ಬಿದ್ದುಹೋದ ಕಾರಣ ಕೇಳಿ ಖುಷಿಪಟ್ಟು, ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಆಮೇಲೆ ಬೋಟಿನೊಳಗೆ ಇಳಿದು, ಬೆಂಚು ಎಷ್ಟು ಹಿಡಿಯುತ್ತದೆಂದು ಇನ್ನೊಮ್ಮೆ ಟೇಪು ಹಿಡಿದ.

ಹರಿದ ಬಲೆಯನ್ನು ಹೆಂಡತಿಯೇ ಹೆಣೆದು ಕೊಟ್ಟಳು. ಹೊಸ ತೇಪೆ ಎಲ್ಲಿ ಕೈ ಕೊಡುತ್ತದೋ ಹೇಳಲಾಗದೆಂದು, ಕೊನೆಯ ದಿನ ಸೂಜಿ ದಾರ ತೆಗೆದುಕೊಂಡು ಅವಳೂ ಬೋಟು ಹತ್ತಿದಳು. ಮದುವೆಯಾದ ಮೇಲೆ ಅವಳು ಬೋಟಿನಲ್ಲಿ ಕಡಲಿಗೆ ಹೋದದ್ದು ಅದೇ ಮೊದಲು.

ಮೊದಲ ಎಳೆತ ಕೆಟ್ಟಿತು. ಸುಮಾರಣ್ಣ ಉಸಿರು ಬಿಗಿಹಿಡಿದು, ಹಡಗನ್ನೇ ನೋಡುತ್ತಾ, ಅದು ಕೆಮ್ಮಿದಾಗ ನಿಧಾನ ಮಾಡಿ, ಸುಮ್ಮನಾದಾಗ ಜೋರು ಮಾಡಿ, ಅರ್ಧ ಗಂಟೆ ಬೆವರು ಸುರಿಸಿದ. ಹಡಗಿಗೆ ಎಂಬತ್ತನಾಲ್ಕು, ಇವನಿಗೆ ನಲವತ್ತೊಂಬತ್ತು. ಕ್ಷಮಿಸಬಹುದಾಗಿದ್ದ ಒಂದು ತಪ್ಪು ಅಲ್ಲಿಗೆ ಮುಗಿಯಿತು.

ಎರಡನೆಯ ಸಲ ಬಲೆ ಬಿಡುವಾಗಲೂ ಅವನು ಹಡಗಿನ ಮೇಲೆಯೇ ಕಣ್ಣು ನೆಟ್ಟಿರುವುದನ್ನು ಹೆಂಡತಿ ನೋಡಿದಳು. ಇಷ್ಟು ಗಮನ ಕೊಟ್ಟು ಮನೆಯ ಬಚ್ಚಲ ಚಿಲಕ ಹಾಕಿದ್ದರೆ ಆರು ವರ್ಷದಿಂದ ಬಾಗಿಲಿಗೆ ಬಕೆಟ್ ಒತ್ತಿಟ್ಟು ಸ್ನಾನ ಮಾಡುವ ಗತಿ ತನಗೆ ಬರುತ್ತಿರಲಿಲ್ಲ ಎಂದಳು. ಸುಮಾರಣ್ಣ, ಚಿಲಕ ತಂದಾಗಿದೆ, ಮೊಳೆ ಎಲ್ಲಿಟ್ಟೆ ನೀನು ಎಂದ. ಮೊಳೆ ಇಟ್ಟದ್ದು ತಾನಲ್ಲ ಎಂದಳು ಅವಳು. ಮಾತು ಮೊಳೆಯಿಂದ ಸುತ್ತಿಗೆಗೆ, ಸುತ್ತಿಗೆಯಿಂದ ಅದನ್ನು ಎರವಲು ಒಯ್ದ ಪಕ್ಕದ ಮನೆಗೆ ಹೋಯಿತು. ಸುಮಾರಣ್ಣ ಹಡಗನ್ನೂ ಮರೆತ, ಮೀನನ್ನೂ ಮರೆತ. ಒಂದು ಕೈ ಸ್ಟೇರಿಂಗಿನ ಮೇಲೆ ತಾನಾಗಿ ಬಿದ್ದಿತ್ತು, ಇನ್ನೊಂದು ಕೈ ವಾದ ಮಾಡುತ್ತಿತ್ತು. ತೂಕ ಹಾಕಿದರೆ ಹಡಗಿಗೆ ಎಪ್ಪತ್ತೇಳು, ಇವನಿಗೆ ಎಪ್ಪತ್ತಾರು.

ಮೇಡಂ ತಕ್ಕಡಿಯನ್ನು ಎರಡು ಸಲ ಪರೀಕ್ಷಿಸಿದರು. ಆಮೇಲೆ ಗಂಡ ಹೆಂಡತಿಯನ್ನು ನೋಡಿದರು. ವಿಜ್ಞಾನಿ ಎಂದರೆ ಸುಮ್ಮನೆ ಆಗುತ್ತಾರೆಯೇ?

ಮೂರನೆಯ ಬಲೆ ನೀರಿಗಿಳಿಯುತ್ತಿದ್ದಂತೆ ಅವರು ಕ್ಯಾಬಿನ್ನಿನ ಬಾಗಿಲಿಗೆ ಬಂದು, ಸುತ್ತಿಗೆ ವಾಪಸು ಬಂತೇ ಎಂದು ಮೆಲ್ಲಗೆ ವಿಚಾರಿಸಿದರು. ಅಷ್ಟು ಸಾಕಾಯಿತು. ಎಂಬತ್ತೆಂಟಕ್ಕೆ ಎಂಬತ್ತೇಳು. ನಾಲ್ಕನೆಯದಕ್ಕೆ, ನಿಮ್ಮ ಯಜಮಾನರು ವಸ್ತು ಕಳೆಯುವುದು ಹೆಚ್ಚೇ ಎಂದು ಕೇಳಿದರು. ಹದಿನಾಲ್ಕು ವರ್ಷದ ಹಿಂದೆ ಕಳೆದ ಮಾವನ ಛತ್ರಿ ಹೊರಗೆ ಬಂತು. ಎಪ್ಪತ್ತಕ್ಕೆ ಎಪ್ಪತ್ತು. ಐದನೆಯದಕ್ಕೆ ಮೇಡಂ ಯಾವ ಅಳುಕೂ ಇಲ್ಲದೆ ಸುಮಾರಣ್ಣನ ಕಡೆ ತಿರುಗಿ, ನಿಮ್ಮ ಭಾವ ಬಹಳ ಒಳ್ಳೆಯವರಂತೆ ಎಂದರು. ಆ ಎಳೆತದಲ್ಲಿ ಗಂಡ ಹೆಂಡತಿಯ ದನಿ ಪಕ್ಕದ ಹಡಗಿಗೂ ಕೇಳಿ, ಕ್ಯಾಪ್ಟನ್ ಕುರ್ಚಿಯನ್ನು ಈಚೆ ಬದಿಗೆ ಎಳೆದುಕೊಂಡ. ತೊಂಬತ್ತೈದಕ್ಕೆ ತೊಂಬತ್ತಾರು.

ಆರನೆಯದಕ್ಕೆ ಸರಕು ಮುಗಿದಿತ್ತು. ಮೇಡಂ ಅತ್ತೆಯ ಬಗ್ಗೆ ಕೇಳಿದರು, ನಾದಿನಿಯ ಬಗ್ಗೆ ಕೇಳಿದರು, ಮಾತು ಹೊತ್ತಿಕೊಳ್ಳಲಿಲ್ಲ. ಇಬ್ಬರಿಗೂ ಗಂಟಲು ಕಟ್ಟಿತ್ತು. ಬಲೆ ನೀರಲ್ಲಿತ್ತು. ಸುಮಾರಣ್ಣನ ಕಣ್ಣು ಮತ್ತೆ ಹಡಗಿನ ಕಡೆ ಹೊರಳಿತು, ಎರಡೂ ಕೈ ಸ್ಟೇರಿಂಗನ್ನು ಬಿಗಿಯತೊಡಗಿದವು. ಈ ಒಂದು ತಪ್ಪಿದರೆ ಬೋಟು ಹೋಯಿತು ಎಂಬುದು ಅವನ ಮುಖದ ಮೇಲೆಯೇ ಬರೆದಿತ್ತು. ಮೇಡಂ ಬಾಗಿಲ ಹೊರಗೆ ಉಗುರು ಕಚ್ಚುತ್ತಾ ನಿಂತರು.

ಹೆಂಡತಿ ಸೂಜಿ ಕೆಳಗಿಟ್ಟಳು.

“ರೀ, ಚಹಾದಂಗಡಿ ಅಣ್ಣನ ಯೋಚನೆ ಅಲ್ಲ. ನಾನೇ ಅವನಿಗೆ ಹೇಳಿಕೊಟ್ಟಿದ್ದು.”

ಸುಮಾರಣ್ಣ ಹಡಗನ್ನು ಬಿಟ್ಟು ಅವಳ ಕಡೆ ತಿರುಗಿದ.

“ಇಪ್ಪತ್ತೆರಡು ವರ್ಷ ದಿನಾ ಸಂಜೆ ಧಕ್ಕೆ ಮೇಲೆ ನಿಂತು, ನಿಮ್ಮ ಬೋಟು ಕಾಣುತ್ತಾ ಅಂತ ನೋಡಿ ನೋಡಿ ನನಗೆ ಸಾಕಾಗಿದೆ. ಒಲೆ ಮುಂದೆ ನಿಂತ್ರೆ ಕಣ್ಣೆದುರಿಗೆ ಇರ್ತೀರಲ್ಲ ಅಂತ.”

ಅವಳು ದಿನವೂ ಅಲ್ಲಿ ನಿಲ್ಲುವುದನ್ನು ಅವನು ಕಂಡಿದ್ದ. ಯಾರ ಬಲೆ ಹರಿದಿದೆ ಎಂದು ನೋಡಲು ಬರುತ್ತಾಳೆಂದು ತಿಳಿದಿದ್ದ. ಈಗ ಸ್ಟೇರಿಂಗಿನ ಮೇಲಿನ ಅವನ ಹಿಡಿತ ಸಡಿಲವಾಯಿತು. ಬೋಟು ಹೋಗುವ ಸಂಕಟಕ್ಕಿಂತ ಇವಳು ಇಷ್ಟು ವರ್ಷ ಒಬ್ಬಳೇ ಹೆದರಿದ ಸಂಕಟ ದೊಡ್ಡದಾಗಿ ಕಂಡಿತು.

“ಮೊದಲೇ ಹೇಳ್ಬಾರ್ದಿತ್ತಾ?” ಎಂದ.

“ಹೇಳಿದ್ದೆ. ನೀವು ತಲೆಯಾಡಿಸಿದ್ರಿ.”

ಹಡಗು ಅರ್ಧ ಗಂಟೆ ಮುಗಿಯಿತೆಂದು ಕೆಮ್ಮಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಹಗ್ಗದವನೇ ಬಲೆ ಎಳೆದ. ಹಡಗಿಗೆ ತೊಂಬತ್ತೆರಡು, ಇವನಿಗೂ ತೊಂಬತ್ತೆರಡು. ಮೇಡಂ ಆ ಅಂಕಿಯನ್ನು ಬರೆದು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡರು. ಧಕ್ಕೆಯಲ್ಲಿ ಗುಮಾಸ್ತ ಹಲಗೆಯ ನಡುವಿನ ಗೆರೆಯನ್ನೇ ಅಳಿಸಿಬಿಟ್ಟ.

ಕರಾರು ಬಂತು, ಮೂರು ವರ್ಷಕ್ಕೆ. ಅದರಲ್ಲಿ ಒಂದೇ ಷರತ್ತು ದಪ್ಪಕ್ಷರದಲ್ಲಿತ್ತು. ಕೊನೆಯ ದಿನ ಬೋಟು ಹೇಗಿತ್ತೋ ಹಾಗೆಯೇ ಇರತಕ್ಕದ್ದು, ಯಾವುದನ್ನೂ ಬದಲಿಸಕೂಡದು. ಕೆಳಗೆ ಪಟ್ಟಿ ಇತ್ತು. ಬಲೆ ಒಂದು, ಇಂಜಿನ್ ಒಂದು, ಕೆಲಸದವರು ಇಬ್ಬರು, ಹೆಂಡತಿ ಒಬ್ಬರು. ಇಲಾಖೆಯ ದೊಡ್ಡ ಸಾಹೇಬರು ಆ ಕೊನೆಯ ಸಾಲಿಗೆ ವಿವರಣೆ ಕೇಳಿದಾಗ ಮೇಡಂ ಐದು ಎಳೆತಗಳ ಅಂಕಿಅಂಶ ಮುಂದಿಟ್ಟು ಬಾಯಿ ಮುಚ್ಚಿಸಿದರಂತೆ. ಅಂದಿನಿಂದ ಸಮೀಕ್ಷೆಯ ದಿನಗಳಲ್ಲಿ ಅವಳು ಕ್ಯಾಬಿನ್ನಿನಲ್ಲೇ ಕೂತು ಬಲೆ ಹೆಣೆಯುತ್ತಾಳೆ, ಗಂಡ ಕಣ್ಣೆದುರಿಗೇ ಇರುತ್ತಾನೆ.

ಮೂರು ವರ್ಷ ಕಳೆದ ಮೇಲೆ ಬರುವ ಬೋಟನ್ನು ಯಾವುದರ ಪಕ್ಕದಲ್ಲಿಟ್ಟು ಹೋಲಿಸುತ್ತೀರಿ ಎಂದು ಯಾರೋ ಕೇಳಿದರು. ಇನ್ಯಾವುದು, ಇವರದ್ದೇ ಎಂದರು ಮೇಡಂ. ಇನ್ನು ಮುಂದೆ ಯಾರು ಬಂದರೂ ಸುಮಾರಣ್ಣ ಹಿಡಿದಷ್ಟೇ ಹಿಡಿಯಬೇಕು.

ಆ ವಾರವೇ ಭಾವ ಮನೆಗೆ ಬಂದ. ಲೋಟ ಕೈಯಲ್ಲಿ ತಿರುಗಿಸುತ್ತಾ ಬಹಳ ಹೊತ್ತು ಅದೂ ಇದೂ ಮಾತಾಡಿದ. ಮೂರು ವರ್ಷ ಮುಂಚಿತವಾಗಿಯೇ ಅಭ್ಯಾಸ ಶುರುಮಾಡಿದ್ದಾನಂತೆ, ಸರಪಳಿ ಬಿಚ್ಚಿಸಿದ್ದಾನಂತೆ, ವೇಗ ಇಳಿಸಿದ್ದಾನಂತೆ, ಏನು ಮಾಡಿದರೂ ಬಲೆ ತುಂಬಿಯೇ ಬರುತ್ತದಂತೆ. ಕೊನೆಗೆ ತಂಗಿಯ ಕಡೆ ತಿರುಗಿ, ಇವರ ಹಾಗೆ ಹಿಡಿಯೋಕೆ ನಾನೇನು ಮಾಡಬೇಕು ಹೇಳು ಎಂದು ಕೇಳಿದ.

ಅವಳು ಬಲೆಯಿಂದ ಕಣ್ಣು ತೆಗೆಯಲಿಲ್ಲ.

“ಮೊದಲು ಅತ್ತಿಗೇನ ಬೋಟಿಗೆ ಹತ್ತಿಸು, ಅಣ್ಣ” ಎಂದಳು.